ಕೆನ್ನೆದಿಂಬಿನ ಬಣ್ಣ

ಡುಲೂತ್, ಮಿನ್ನೆಸೋಟಾ
ಜನವರಿ 12, 2014

ಅಪ್ಪ,

ನಿನ್ನೆ ಫೋನಿನಲ್ಲಿ ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು. ನಿನಗೆ ಒಂದಕ್ಷರವೂ ತಲುಪಲಿಲ್ಲ. ಕೊನೆಗೆ ಅಮ್ಮ ಫೋನು ಕಿತ್ತುಕೊಂಡು, "ಅವನಿಗೆ ಬರೆದು ಕಳಿಸೇ ಮಾರಾಯ್ತಿ" ಎಂದಳು. ಹರೆಯದಲ್ಲಿ ಕಿವಿಗೆ ಒಂದು ಚೂರು ಹತ್ತಿಯನ್ನೂ ಇಡದೆ ಗುಂಡು ಹಾರಿಸಿಕೊಂಡು ತಿರುಗಿದವನು ನೀನು. ಈಗ ನಿನ್ನ ಮಗಳು ಅಂಚೆ ಚೀಟಿ ನೆಕ್ಕಬೇಕಾಗಿದೆ.

ಫೋನಿನಲ್ಲಿ ಹೇಳಹೊರಟದ್ದು ಇಷ್ಟೇ. ನಾನು ಒಂದು ರೈಫಲ್ ಕಟ್ಟುತ್ತಿದ್ದೇನೆ. ಎರಡನೇ ಮಹಾಯುದ್ಧದಲ್ಲಿ ನಮ್ಮವರು ಹಿಡಿದಿದ್ದ ಸ್ನೈಪರ್ ರೈಫಲಿನ ನಕಲು, ಆ ಸ್ಪ್ರಿಂಗ್‌ಫೀಲ್ಡ್. ನಿನ್ನ ಅಳಿಯ ವೆಸ್ ಗ್ಯಾರೇಜಿನ ಅರ್ಧ ಭಾಗ ನನಗೆ ಬಿಟ್ಟುಕೊಟ್ಟಿದ್ದಾನೆ, ಇನ್ನರ್ಧದಲ್ಲಿ ಅವನ ದೋಣಿ ಮಲಗಿದೆ. ಹಗಲೆಲ್ಲ ದಂತವೈದ್ಯರ ಲ್ಯಾಬಿನಲ್ಲಿ ಕೃತಕ ಹಲ್ಲು ಮಾಡುತ್ತೇನೆ, ಸಂಜೆ ಬಂದು ಉಕ್ಕು ಉಜ್ಜುವ ಅರ ಹಿಡಿಯುತ್ತೇನೆ. ಚಿಕ್ಕವಳಿದ್ದಾಗ ನೀನು ಕೊಟ್ಟಿಗೆಯಲ್ಲಿ ಕೆಲಸ ಮಾಡುವಾಗ ನನ್ನ ಕೈಗೆ ದೀಪ ಕೊಡುತ್ತಿದ್ದೆ, ಅರ ಮಾತ್ರ ಕೊಡುತ್ತಿರಲಿಲ್ಲ. ಈಗ ನಾನೇ ತೆಗೆದುಕೊಂಡಿದ್ದೇನೆ.

ಆಗಸ್ಟಿನಲ್ಲಿ ನಕಲು ರೈಫಲುಗಳ ಸ್ಪರ್ಧೆ ನಡೆಸುತ್ತೀರಲ್ಲ, ಆ ಕೂಟಕ್ಕೆ ಅದನ್ನು ತರುತ್ತೇನೆ. ನಿನ್ನ ಸಂಘದ ತಗಡಿನ ಶೆಡ್ಡಿನಲ್ಲಿ, ಆ ಉದ್ದ ಮೇಜಿನ ಮೇಲೆ, ಬೂದು ಕಂಬಳಿಯ ಮೇಲೆ ಇಡುತ್ತೇನೆ. ನೀನು ಬಿಳಿ ಕೈಗವಸು ಹಾಕಿಕೊಂಡು ಅದನ್ನು ಎತ್ತಬೇಕು. ಎಲ್ಲರಿಗೂ ಹೇಳುವ ಹಾಗೆ ಒಂದು ಒಳ್ಳೆಯ ಮಾತು, ಒಂದು ಕಟುವಾದ ಮಾತು ಗಟ್ಟಿಯಾಗಿ ಹೇಳಬೇಕು. ನಾನು ಕಟ್ಟುತ್ತಿರುವುದೇ ಅದಕ್ಕೆ.

ಒಂದು ಸಂದೇಹ. ದುರ್ಬೀನಿನ ಕೊಂಡಿ ಕೂರುವ ಜಾಗದಲ್ಲಿ ಎಷ್ಟು ಉಕ್ಕು ತೆಗೆಯಬೇಕು? ನನ್ನದು ಕೂದಲೆಳೆಯಷ್ಟು ಎಡಕ್ಕೆ ನೋಡುತ್ತಿದೆ.

ನಿನ್ನ ಮಗಳು,
ಸಿಗ್ನೆ


ಲೂಯಿಸ್‌ಟೌನ್, ಮೊಂಟಾನಾ
ಜನವರಿ 21, 2014

ಸಿಗ್ನೆ,

ಆ ರೈಫಲಿನ ಬಗ್ಗೆ ಇನ್ನು ಒಂದು ಸಾಲನ್ನೂ ಬರೆಯಬೇಡ. ನಿನ್ನ ಸಂದೇಹಕ್ಕೆ ನಾನು ಉತ್ತರ ಕೊಡುವುದಿಲ್ಲ.

ಮೂವತ್ತು ವರ್ಷದಿಂದ ಆ ಮೇಜಿನ ಮುಖ್ಯ ತೀರ್ಪುಗಾರ ನಾನು. ಕೂಟಕ್ಕೆ ಬರುವವರು ತೀರ್ಪುಗಾರರನ್ನು ಕೇಳಿಕೊಂಡು ರೈಫಲ್ ಕಟ್ಟುವ ಹಾಗಿಲ್ಲ. ಕಂಬಳಿಯ ಮೇಲೆ ಯಾರ ಹೆಸರೂ ಇರುವುದಿಲ್ಲ, ದಾರಕ್ಕೆ ಕಟ್ಟಿದ ಸಂಖ್ಯೆ ಮಾತ್ರ. ತನ್ನವರ ರೈಫಲ್ ಬಂದರೆ ತೀರ್ಪುಗಾರ ಅದನ್ನು ಮುಟ್ಟಕೂಡದು, ಅಂಕ ಕೊಡಕೂಡದು. ಹೋದ ವರ್ಷ ಡಾಲ್ಟನ್‌ನ ತಮ್ಮನ ರೈಫಲ್ ಬಂದಾಗ ಡಾಲ್ಟನ್ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ, ನಾನೇ ನಿಲ್ಲಿಸಿದ್ದೆ. ಈಗ ನನ್ನ ಸರದಿ ಬಂದರೆ ನಾನೂ ನಿಲ್ಲುತ್ತೇನೆ. ನೀನು ತಾ, ಬೇಡವೆನ್ನುವುದಿಲ್ಲ. ಉಳಿದ ಇಬ್ಬರು ತೀರ್ಪುಗಾರರು, ಪೆಟ್ರಿನಿ ಮತ್ತು ಡಾಲ್ಟನ್, ನೋಡುತ್ತಾರೆ. ಅವರಿಬ್ಬರೂ ಕುರುಡರಲ್ಲ.

ಒಂದು ಮಾತು ಮಾತ್ರ ತಂದೆಯಾಗಿ ಹೇಳುತ್ತೇನೆ. ನೀನು ಹಲ್ಲು ಹೊಳೆಸುವ ಕೈಯವಳು. ಹದಿನಾಲ್ಕು ವರ್ಷದಿಂದ ಅದೇ ಮಾಡಿದ್ದೀಯ. ಕೈ ತನಗೆ ಗೊತ್ತಿರುವುದನ್ನೇ ಮಾಡುತ್ತದೆ. ಬಂದೂಕು ಹಲ್ಲಲ್ಲ. ಮನಸ್ಸಿಗೆ ಬೇಸರ ಮಾಡಿಕೊಳ್ಳಬೇಡ, ಇದ್ದದ್ದನ್ನು ಹೇಳಿದೆ.

ಇಲ್ಲಿ ಚಳಿ ಬಿಡುತ್ತಿಲ್ಲ. ಕರು ಹಾಕುವುದು ಇನ್ನೂ ಶುರುವಾಗಿಲ್ಲ.

ಅಪ್ಪ
ಆರ್ವಿಡ್ ಕೋಲ್‌ಸ್ಟಾಡ್

ಅಮ್ಮನ ಒಂದೆರಡು ಸಾಲು: ಅವನು ಅಂಚೆ ಚೀಟಿ ಹುಡುಕ್ತಾ ಇದಾನೆ, ಅಷ್ಟರಲ್ಲಿ ಬರೀತಿದೀನಿ. ನಿನ್ನ ಕಾಗದ ಬಂದ ದಿನ ಅದನ್ನ ಜೇಬಲ್ಲಿ ಇಟ್ಕೊಂಡು ಕೊಟ್ಟಿಗೆಗೆ ಹೋದೋನು ಊಟಕ್ಕೆ ಕರೆದರೂ ಬರಲಿಲ್ಲ. ಮಗಳಿಗೂ ಅಪ್ಪ ಅಂತ ಬರೆದು, ಕೆಳಗೆ ಮನೆತನದ ಹೆಸರು ಸೇರಿಸಿ ಸಹಿ ಹಾಕ್ತಾನಲ್ಲ, ಏನು ಹೇಳೋಣ ಇವನಿಗೆ. — ಅಮ್ಮ


ಡುಲೂತ್
ಫೆಬ್ರವರಿ 3, 2014

ಅಪ್ಪ,

ಬೇಸರ ಮಾಡಿಕೊಳ್ಳಬೇಡ ಎಂದು ಬರೆದಿದ್ದೀಯ. ಮಾಡಿಕೊಂಡಿದ್ದೇನೆ. ಚೆನ್ನಾಗಿಯೇ ಮಾಡಿಕೊಂಡಿದ್ದೇನೆ.

ವಯೋಮಿಂಗ್‌ನಿಂದ ಬಂದವನ ರೈಫಲ್ ನೋಡುತ್ತೀಯ, ಐಡಹೋದಿಂದ ಬಂದವನದ್ದು ನೋಡುತ್ತೀಯ. ಒಮ್ಮೆ ಯಾರೋ ಕುಡುಕ ಪೊರಕೆಕೋಲಿನಂಥದ್ದನ್ನು ತಂದಿಟ್ಟಾಗಲೂ ಕೈಗವಸು ಹಾಕಿ ಎತ್ತಿ, ಅದರಲ್ಲೂ ಹೊಗಳುವುದಕ್ಕೆ ಏನೋ ಒಂದನ್ನು ಹುಡುಕಿದೆಯಂತೆ. ನನ್ನದು ಬಂದಾಗ ಮಾತ್ರ ಗೋಡೆ ನೋಡುತ್ತೀಯ. ಪೆಟ್ರಿನಿಯ ಅಭಿಪ್ರಾಯ ಕಟ್ಟಿಕೊಂಡು ನನಗೇನಾಗಬೇಕು? ಪಡುವಣದ ರಾಜ್ಯಗಳಲ್ಲೆಲ್ಲ ಈ ರೈಫಲುಗಳನ್ನು ಬಲ್ಲವನು ನೀನೊಬ್ಬನೇ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಕೆಲಸ ಎಂಥದ್ದು ಎಂದು ನಿನ್ನ ಬಾಯಿಂದ ಕೇಳಬೇಕು. ಮಗಳು ಅಂತ ಬೆನ್ನು ಸವರುವುದೂ ಬೇಡ. ಗುರುತಿಲ್ಲದವಳಿಗೆ ಹೇಳುವ ಹಾಗೆ ಹೇಳಬೇಕು, ಅಷ್ಟೇ.

ಅದಾಗದು ಎಂದಮೇಲೆ ಮಾತು ಮುಗಿಯಿತು. ನಿನ್ನ ನಿಯಮ ಮುರಿಯುವವಳು ನಾನಲ್ಲ. ಇನ್ನು ನನ್ನ ಕಾಗದದಲ್ಲಿ ರೈಫಲ್ ಇರುವುದಿಲ್ಲ. ಹಲ್ಲು ಹೊಳೆಸುವವಳು ಹಲ್ಲಿನ ಬಗ್ಗೆ ಬರೆಯುತ್ತಾಳೆ.

ಸಿಗ್ನೆ


ಲೂಯಿಸ್‌ಟೌನ್
ಏಪ್ರಿಲ್ 27, 2014

ಸಿಗ್ನೆ,

ಎರಡೂವರೆ ತಿಂಗಳಾಯಿತು ನಿನ್ನಿಂದ ಏನೂ ಇಲ್ಲ. ನಾವು ಚೆನ್ನಾಗಿದ್ದೇವೆ. ಕರುಗಳೆಲ್ಲ ಸುಸೂತ್ರವಾಗಿ ಹುಟ್ಟಿದವು, ಒಂದು ಮಾತ್ರ ಕಾಲು ಮುಂದಾಗಿ ಬಂದು ಕಷ್ಟ ಕೊಟ್ಟಿತು. ಪಶ್ಚಿಮದ ಬೇಲಿ ಹಿಮದ ಭಾರಕ್ಕೆ ಬಿದ್ದಿತ್ತು, ಎತ್ತಿ ಕಟ್ಟಿದೆ. ನಿನ್ನ ಅಮ್ಮ ಶಾಲೆಯ ಲೈಬ್ರರಿಗೆ ಹೊಸ ಕಪಾಟು ಬೇಕೆಂದು ಹಟ ಹಿಡಿದಿದ್ದಾಳೆ, ಮಾಡಿಕೊಡುವವನು ನಾನೇ ಎಂದು ಯಾರಿಗೂ ಸಂದೇಹವಿಲ್ಲ.

ಬೇರೆ ವಿಶೇಷವಿಲ್ಲ. ಗ್ಯಾರೇಜಿನಲ್ಲಿ ಕೆಲಸ ಮಾಡುವಾಗ ಬಾಗಿಲು ತೆರೆದಿಡು, ಎಣ್ಣೆಯ ವಾಸನೆ ಎದೆಗೆ ಒಳ್ಳೆಯದಲ್ಲ. ಇದು ಆರೋಗ್ಯದ ಮಾತು, ಬೇರೇನೂ ಅಲ್ಲ.

ಅಪ್ಪ

ಅಮ್ಮನ ಒಂದೆರಡು ಸಾಲು: ಇದು ನಾಲ್ಕನೇ ಹಾಳೆ ಕಣೇ. ಮೊದಲನೇದರಲ್ಲಿ ಬಂದೂಕಿನ ಮರಕ್ಕೆ ಅಗಸೆ ಎಣ್ಣೆ ಹಚ್ಚೋ ವಿಷಯಾನೇ ಎರಡು ಪುಟ ಬರೆದಿದ್ದ. ಓದ್ಕೊಂಡ, ಹರಿದು ಒಲೆಗೆ ಹಾಕಿದ. ಎರಡನೇದೂ ಹಾಗೇ. ಮೂರನೇದರಲ್ಲಿ ಏನಿತ್ತೋ, ನನಗೆ ತೋರಿಸಲಿಲ್ಲ. ಅವನಿಗೆ ಒಂದು ಕಾಗದ ಬರಿ. ಕಲ್ಲು ಅಂದ್ಕೊಂಡಿದೀಯ, ಕಲ್ಲಲ್ಲ ಅವನು. — ಅಮ್ಮ


ಡುಲೂತ್
ಜೂನ್ 8, 2014

ಅಮ್ಮ,

ಈ ಕಾಗದ ಬೇಕೆಂದೇ ನಿನ್ನ ಶಾಲೆಯ ಲೈಬ್ರರಿ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಅಪ್ಪನಿಗೆ ಸುಳಿವು ಹತ್ತಬಾರದು. ನಿನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ನನಗೆ ಗೊತ್ತು, ಆದರೂ ಆಗಸ್ಟಿನವರೆಗೆ ಹೇಗಾದರೂ ನಿಲ್ಲಿಸಿಕೋ.

ಆ ಸ್ಪ್ರಿಂಗ್‌ಫೀಲ್ಡನ್ನು ನಾನು ಪೆಟ್ಟಿಗೆಗೆ ಹಾಕಿಬಿಟ್ಟೆ. ಮೊದಲ ಕಾಗದದಲ್ಲೇ ಅಪ್ಪನಿಗೆ ಅದರ ಹೆಸರು ಹೇಳಿ ಕೆಡಿಸಿಕೊಂಡಿದ್ದೆನಲ್ಲ. ಫೆಬ್ರವರಿಯಲ್ಲಿ ಬೇರೆಯದನ್ನು ಶುರುಮಾಡಿದೆ. ಸುಪೀರಿಯರ್ ಊರಲ್ಲಿ ಯಾರೋ ತೀರಿಕೊಂಡವರ ಮನೆಯ ಸಾಮಾನು ಮಾರುತ್ತಿದ್ದರು, ಅಲ್ಲಿ ಕೆನಡಾದಲ್ಲಿ ಮಾಡಿದ ಹಳೆಯ ಲೀ-ಎನ್‌ಫೀಲ್ಡ್ ಸಿಕ್ಕಿತು. ಜಿಂಕೆ ಬೇಟೆಗೆ ಹಗುರವಾಗಲಿ ಎಂದು ಯಾವನೋ ಪುಣ್ಯಾತ್ಮ ಮುಂದಿನ ಮರವನ್ನೇ ಕೊಯ್ದು ಹಾಕಿದ್ದ. ಅದನ್ನು 1944ರ ಸ್ನೈಪರ್ ರೈಫಲಾಗಿ ಕಟ್ಟುತ್ತಿದ್ದೇನೆ.

ಮೋಸ ಮಾಡುತ್ತಿಲ್ಲ, ಹಾಗೆ ತಿಳಿಯಬೇಡ. ಸಂಘದ ಕಾರ್ಯದರ್ಶಿ ಮಾರ್ವಾಗೆ ಎಲ್ಲವನ್ನೂ ಬರೆದು ಕೇಳಿದೆ. ಹೆಸರು ಬರೆದ ಚೀಟಿಯನ್ನು ಲಕೋಟೆಯೊಳಗಿಟ್ಟು ಅಂಟಿಸಿ ತನ್ನ ಕೈಗೇ ಕೊಡು, ಯಾವುದು ನಿನ್ನದು ಎಂದು ಆರ್ವಿಡ್‌ಗೆ ಗೊತ್ತಾಗದಿದ್ದರೆ ತನ್ನ ಆಕ್ಷೇಪವಿಲ್ಲ ಎಂದಳು. ಆಮೇಲೆ ಆರ್ವಿಡ್ ಏನನ್ನುತ್ತಾನೋ ಅದಕ್ಕೆ ತಾನು ಜವಾಬ್ದಾರಳಲ್ಲ ಎಂದೂ ಸೇರಿಸಿದಳು.

ಕಬ್ಬಿಣದ ಕೆಲಸ ನನಗೆ ಅಷ್ಟು ಕಷ್ಟವಾಗಲಿಲ್ಲ ಅಮ್ಮ. ಎಡಮಗ್ಗುಲಿಗೆ ದುರ್ಬೀನಿನ ಕೊಂಡಿ ಕೂರಲು ಎರಡು ಉಕ್ಕಿನ ಬಿಲ್ಲೆಗಳಿವೆ. ಅವುಗಳನ್ನು ಅರದಿಂದ ಉಜ್ಜಿ, ಕೂರಿಸಿ, ನೋಡಿ, ಮತ್ತೆ ಬಿಚ್ಚಿ ಉಜ್ಜುವುದು, ಎಲ್ಲ ಹಲ್ಲಿನ ಕೆಲಸದ ಹಾಗೇ. ನನ್ನ ಜೀವ ತಿಂದದ್ದು ಕೆನ್ನೆದಿಂಬು. ದುರ್ಬೀನು ಎತ್ತರದಲ್ಲಿರುವುದರಿಂದ ಗುರಿ ಹಿಡಿಯುವವನ ಕೆನ್ನೆಗೆ ಆಸರೆಯಾಗಲಿ ಎಂದು ಹಿಂಬದಿಯ ಮರದ ಮೇಲೆ ಇನ್ನೊಂದು ಮರದ ತುಂಡನ್ನು ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಅಪ್ಪನ ಕೂಟಕ್ಕೆ ಬರುವ ನಕಲುಗಳಲ್ಲೆಲ್ಲ ಎರಡೂ ಮರ ಒಂದೇ ಬಣ್ಣ, ಒಂದೇ ಹೊಳಪು. ನಾನೂ ಹಾಗೇ ಮಾಡಿದ್ದೆ. ಯೋಚಿಸಿ ಮಾಡಿದ್ದಲ್ಲ, ಕೈ ತಾನಾಗಿಯೇ ಹೊಂದಿಸಿಬಿಟ್ಟಿತ್ತು. ಪಕ್ಕದ ಹಲ್ಲಿಗೆ ಬಣ್ಣ ಹೊಂದಿಸುವುದೇ ನನ್ನ ಹೊಟ್ಟೆಪಾಡಲ್ಲವೇ.

ಆಮೇಲೆ ಗಡಿ ದಾಟಿ ಥಂಡರ್ ಬೇಗೆ ಹೋಗಿ ಹಳೆಯ ಯೋಧರ ಭವನದಲ್ಲಿ ಗಾಜಿನೊಳಗಿಟ್ಟ ಅಸಲಿ ರೈಫಲ್ ನೋಡಿದೆ. ಹಿಂಬದಿಯ ಮರ ಕೆಂಪು, ದಿಂಬು ಬೆಣ್ಣೆಯ ಬಣ್ಣ. ಸ್ವಲ್ಪವೂ ಹೊಂದಿಕೆಯಿಲ್ಲ. ರೈಫಲ್ ಪೂರಾ ಮುಗಿದು ಎಣ್ಣೆ ಕುಡಿದ ಮೇಲೆ ಬೇರೆ ಯಾರೋ, ಬೇರೆ ಕಡೆ, ಕೈಗೆ ಸಿಕ್ಕ ಮರದ ತುಂಡನ್ನು ಬಿಗಿದು ಕಳಿಸಿದ್ದಾರೆ. ಯುದ್ಧ ನಡೆಯುತ್ತಿತ್ತು, ಬಣ್ಣ ನೋಡುವವರು ಯಾರು? ದುರ್ಬೀನಿನ ಸಂಖ್ಯೆಯನ್ನೂ ಮರದ ಮೇಲೆ ಸೊಟ್ಟಸೊಟ್ಟ ಹೊಡೆದಿದ್ದರು. ಮನೆಗೆ ಬಂದು ನನ್ನ ಅಂದದ ದಿಂಬನ್ನು ಕಿತ್ತು ಬಿಸಾಕಿದೆ. ಹೊಂದದ ಒಂದನ್ನು ಮಾಡಿ ಕೂರಿಸಿದೆ. ಅದನ್ನು ನೋಡಿದಾಗಲೆಲ್ಲ ಇನ್ನೂ ಬೆರಳು ತುರಿಸುತ್ತದೆ. ಮುಟ್ಟುವುದಿಲ್ಲ. ಹಟ ಮಾಡಿ ಬಿಟ್ಟಿದ್ದೇನೆ.

ಚೆನ್ನಾಗಿ ಬಂದಿದೆ ಅಮ್ಮ. ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆ ಯಾರಿಗೆ ಹೇಳಲಿ? ವೆಸ್‌ಗೆ ದೋಣಿ ಬಿಟ್ಟರೆ ಬೇರೆ ಗೊತ್ತಿಲ್ಲ.

ನಿನ್ನ
ಸಿಗ್ನೆ


ಲೂಯಿಸ್‌ಟೌನ್
ಜುಲೈ 20, 2014

ಸಿಗ್ನೆ,

ಕೂಟ ಆಗಸ್ಟ್ ಒಂಬತ್ತಕ್ಕೆ. ನಿನ್ನ ಕೋಣೆಯಲ್ಲಿ ಹಾಸಿಗೆ ಹಾಕಿಟ್ಟಿರುತ್ತೇವೆ, ಆದರೆ ಕೂಟ ಮುಗಿದ ಮೇಲೆ ಬಾ. ಅದಕ್ಕೆ ಮುಂಚಿನ ರಾತ್ರಿ ಊರೊಳಗೆ ಹೋಟೆಲಿನಲ್ಲಿ ಉಳಿದುಕೋ. ಮುಖ್ಯ ತೀರ್ಪುಗಾರನ ಮನೆಯಲ್ಲಿ ಉಂಡು ಬಂದು ರೈಫಲ್ ಇಟ್ಟಳು ಎಂದು ಯಾರೂ ಆಡಿಕೊಳ್ಳುವಂತಾಗಬಾರದು. ಶೆಡ್ಡಿನಲ್ಲಿ ನಾನು ನಿನ್ನನ್ನು ಮಾತಾಡಿಸುವುದಿಲ್ಲ. ತಪ್ಪು ತಿಳಿಯಬೇಡ. ಬೇರೆ ಯಾರ ಮಗಳಾದರೂ ನಾನು ಇದೇ ಹೇಳುತ್ತಿದ್ದೆ.

ನಿನ್ನ ಅಮ್ಮ ಒಳಗೆ ಕಾಫಿ ಕೊಡುವ ಕೆಲಸ ಒಪ್ಪಿಕೊಂಡಿದ್ದಾಳೆ. ಈಚೆಗೆ ಕಾರಣವಿಲ್ಲದೆ ನಗುತ್ತಾಳೆ, ಕೇಳಿದರೆ ಹೇಳುವುದಿಲ್ಲ.

ಹೊಸ ಕೈಗವಸು ತಂದೆ. ಹಳೆಯದು ತೂತಾಗಿತ್ತು.

ಅಪ್ಪ


ಡುಲೂತ್
ಆಗಸ್ಟ್ 17, 2014

ಅಪ್ಪ,

ಒಂದು ವಾರ ಕಾದೆ. ಕೂಟದ ದಿನ ರಾತ್ರಿ ನಿನಗಾಗಿ ಊಟದ ಮೇಜಿನ ಮುಂದೆ ಕೂತು ಕೂತು ಸಾಕಾಗಿ ಮಲಗಿದೆ. ಬೆಳಗ್ಗೆ ಎದ್ದಾಗ ನೀನು ದನದ ಜೊತೆ ಬೆಟ್ಟದ ಕಡೆ ಹೋಗಿದ್ದೆ. ನಾನು ಹೊರಡುವವರೆಗೂ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಆ ದಿನ ನಡೆದದ್ದು ನಿನ್ನ ಕಡೆಯಿಂದ ಹೇಗಿತ್ತೋ ಗೊತ್ತಿಲ್ಲ. ನನ್ನ ಕಡೆಯಿಂದ ಹೀಗಿತ್ತು.

ಒಳಗೆ ನೀವು ಮೂವರು ನೋಡಿ ಅಂಕ ಹಾಕಿ ಮುಗಿಸಿದ ಮೇಲೆ ಬಾಗಿಲು ತೆರೆದು ನಮ್ಮನ್ನು ಹಗ್ಗದ ಆಚೆ ನಿಲ್ಲಿಸಿದರು. ನೀನು ಒಂದೊಂದನ್ನೇ ಎತ್ತಿ ಹೇಳುತ್ತಾ ಬಂದೆ. ಮೇಜಿನ ನಡುವೆ ಆ ಸ್ಪ್ರಿಂಗ್‌ಫೀಲ್ಡ್ ಇತ್ತಲ್ಲ, ಕನ್ನಡಿಯ ಹಾಗೆ ಹೊಳೆಯುತ್ತಿದ್ದದ್ದು, ಬಿಲಿಂಗ್ಸ್‌ನ ಕಾರು ವ್ಯಾಪಾರಿಯದ್ದು. ಅದರ ಸರದಿ ಬಂದಾಗ ನೀನು ಕೈ ಹಿಂದೆ ಕಟ್ಟಿಕೊಂಡೆ. ಡಾಲ್ಟನ್ ಮಾತಾಡಿದ. ನೀನು ನನ್ನ ಕಡೆ ಒಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದೆ. ಆಗ ನನಗೆ ಹೊಳೆಯಿತು. ಅದನ್ನು ನನ್ನದು ಎಂದುಕೊಂಡಿದ್ದೀಯ!

ಮೈಯೆಲ್ಲ ಉರಿದುಹೋಯಿತು ಅಪ್ಪ. ಯುದ್ಧದ ರೈಫಲಿಗೆ ಮದುಮಗಳ ಶೃಂಗಾರ ಮಾಡಿಟ್ಟಿದ್ದ ಆ ದರಿದ್ರವನ್ನು ನನ್ನ ಕೈಕೆಲಸ ಎಂದು ಅಂದುಕೊಂಡೆಯಲ್ಲ. ನಿನ್ನ ಕಣ್ಣಲ್ಲಿ ನಾನು ಅಷ್ಟೇ ಏನು ಎಂದು ಹಗ್ಗ ಹಾರಿ ಬಂದು ಕೇಳಬೇಕೆನಿಸಿತು. ವೆಸ್ ನನ್ನ ತೋಳು ಹಿಡಿದುಕೊಂಡಿದ್ದ.

ಅದಾದ ಮೇಲೆ ನೀನು ನನ್ನದನ್ನು ಎತ್ತಿದೆ. ಎತ್ತಿ, ದಿಂಬಿನ ಮೇಲೆ ಹೆಬ್ಬೆರಳು ಆಡಿಸಿದೆ. ಆಮೇಲೆ ನೀನು ಹೇಳಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ನಿನಗೆ ನೆನಪಿರಲಿ ಎಂದು ಬರೆಯುತ್ತೇನೆ.

"ಈ ದಿಂಬು ನೋಡಿ. ಮರ ಒಂದು ಬಣ್ಣ, ದಿಂಬು ಒಂದು ಬಣ್ಣ. ಮೂವತ್ತು ವರ್ಷದಿಂದ ನೀವೆಲ್ಲ ಎರಡನ್ನೂ ಹೊಂದಿಸಿ ಹೊಂದಿಸಿ ತರ್ತಾ ಇದೀರಿ, ನಾನು ಹೇಳಿ ಹೇಳಿ ಸೋತೆ. ಚೆನ್ನಾಗಿ ಮಾಡೋಕೆ ಯಾರಿಗಾದ್ರೂ ಬರುತ್ತೆ. ಚೆನ್ನಾಗಿ ಮಾಡೋಕೆ ಬಂದೂ ಕೈ ತಡೆದು ನಿಲ್ಲಿಸೋದು ಇದೆಯಲ್ಲ, ಅದು ಕೆಲಸ. ಇದನ್ನ ಮಾಡಿದೋರು ಯಾರೋ ನನಗೆ ಗೊತ್ತಿಲ್ಲ. ನಾನು ಮಾಡಿದ್ರೆ ಇಷ್ಟು ಚೆನ್ನಾಗಿ ಬರ್ತಿರಲಿಲ್ಲ."

ಕಟುವಾದ ಮಾತನ್ನೂ ಬಿಡಲಿಲ್ಲ ನೀನು. ಕೊಂಡಿಯ ತಿರುಪುಗಳ ಅಂಚು ಇನ್ನೂ ಹರಿತವಾಗಿದೆ, ಯಾವ ಸೈನಿಕನ ಬೆರಳೂ ಅವನ್ನು ತಿರುಗಿಸಿಲ್ಲ, ಅದಕ್ಕೆ ಅರ್ಧ ಅಂಕ ಕಳೆದಿದ್ದೇನೆ ಎಂದೆ. ಸರಿಯಾಗಿಯೇ ಹೇಳಿದೆ. ಅಲ್ಲಿ ನನಗೂ ಅನುಮಾನವಿತ್ತು.

ಮಾರ್ವಾ ಲಕೋಟೆ ಒಡೆದು ಮೊದಲ ಬಹುಮಾನ ಎಂದು ನನ್ನ ಹೆಸರು ಓದಿದಳು. ನೀನು ಏನು ಏನು ಎಂದು ಕಿವಿಗೆ ಕೈ ಇಟ್ಟೆ. ಕೊನೆಗೆ ಅವಳು ಚೀಟಿಯನ್ನು ನಿನ್ನ ಮುಖದ ಮುಂದೆಯೇ ಹಿಡಿದಳು. ನೀನು ಕೈಗವಸು ಬಿಚ್ಚಿದೆ, ಮಡಿಸಿ ಜೇಬಿಗೆ ಹಾಕಿದೆ, ಹಿಂದಿನ ಬಾಗಿಲಿಂದ ಹೋಗಿ ಟ್ರಕ್ ಹತ್ತಿದೆ. ಜನರೆಲ್ಲ ನನ್ನನ್ನು ನೋಡುತ್ತಿದ್ದರು. ನಾನು ನಿನ್ನ ಟ್ರಕ್ಕಿನ ಧೂಳು ನೋಡುತ್ತಿದ್ದೆ.

ಕೋಪ ಬಂದಿದ್ದರೆ ಬೈದು ಬರಿ. ಸುಮ್ಮನಿರಬೇಡ. ನನಗೆ ಬೇಕಾದ ಮಾತು ನಿನ್ನ ಬಾಯಿಂದ ಸಿಕ್ಕಿದೆ, ಅದನ್ನು ನಾನು ವಾಪಸು ಕೊಡುವವಳಲ್ಲ. ಆದರೆ ಹಾಗೆ ಹೇಳಿದವನು ನನ್ನ ಅಪ್ಪನೋ, ಅದು ಯಾರದ್ದೆಂದು ತಿಳಿದ ಕೂಡಲೇ ಎದ್ದು ಹೋದವನು ನನ್ನ ಅಪ್ಪನೋ, ಅದು ಗೊತ್ತಾಗಬೇಕು.

ಸಿಗ್ನೆ


ಲೂಯಿಸ್‌ಟೌನ್ ಶಾಲಾ ಲೈಬ್ರರಿ
ಸೆಪ್ಟೆಂಬರ್ 10, 2014

ಸಿಗ್ನೆ ಮರಿ,

ನಿನ್ನ ಅಪ್ಪ ಇನ್ನೂ ಉತ್ತರ ಬರೆದಿಲ್ಲ ಅಂತ ಮುನಿಸ್ಕೊಂಡು ಕೂತ್ಕೋಬೇಡ. ಸಂಘಕ್ಕೆ ಏನೋ ಬರೀತಾ ಇದಾನೆ, ದಿನಾ ಬರೆದು ದಿನಾ ತಿದ್ದುತಾನೆ. ಏನು ಅಂತ ಅವನೇ ಹೇಳ್ತಾನೆ. ನಾನು ಬೇರೆ ಒಂದು ಹೇಳಬೇಕು. ಅವನು ಇದನ್ನ ನಿನಗೆ ಯಾವತ್ತೂ ಹೇಳಲ್ಲ.

ನೀನು ಹಗ್ಗದ ಆಚೆ ನಿಂತಿದ್ದು ಆಮೇಲೆ. ಅದಕ್ಕೆ ಮುಂಚೆ, ಬಾಗಿಲು ಹಾಕಿದ್ದಾಗ, ಒಳಗೆ ಇದ್ದೋಳು ನಾನು. ಕಾಫಿ ಕೊಡ್ತಿದ್ದೆ. ಮೂರೂ ಜನ ಮೇಜಿನ ಆ ತುದಿಯಿಂದ ನೋಡ್ಕೊಂಡು ಬಂದ್ರು. ಆ ಹೊಳೆಯೋ ಸ್ಪ್ರಿಂಗ್‌ಫೀಲ್ಡ್ ಹತ್ರ ಬಂದಾಗ ಪೆಟ್ರಿನಿ ಬಗ್ಗಿ ನೋಡಿ ನಗೋಕೆ ಶುರುಮಾಡಿದ. ಇದನ್ನ ಯಾರೋ ಪಿಯಾನೋ ಮಾಡೋರು ಕಟ್ಟಿದಾರೆ, ಇದರಲ್ಲಿ ಮುಖ ನೋಡ್ಕೊಂಡು ಗಡ್ಡ ಹೆರೀಬಹುದು ಅಂದ. ಡಾಲ್ಟನ್‌ಗೂ ನಗು ತಡೀಲಿಲ್ಲ.

ನಿನ್ನ ಅಪ್ಪನ ಮುಖ ನೋಡಬೇಕಿತ್ತು. ಕೈಗವಸು ಬಿಚ್ಚಿ ಮೇಜಿನ ಮೇಲೆ ಇಟ್ಟ. "ಅದು ನನ್ನ ಮಗಳದ್ದು. ನಾನು ಮುಟ್ಟೋ ಹಾಗಿಲ್ಲ. ನೀವು ಎಷ್ಟು ಬೇಕಾದ್ರೂ ಕಡಿಮೆ ಅಂಕ ಹಾಕಿ, ನಾನು ಕೇಳಲ್ಲ. ಆದ್ರೆ ನಗೋ ಹಾಗಿಲ್ಲ" ಅಂದ. ಅವನಿಗೆ ಕಿವಿ ಕೇಳಿಸಲ್ವಲ್ಲ, ಮೆಲ್ಲಗೆ ಹೇಳ್ತಿದೀನಿ ಅಂದ್ಕೊಂಡ. ಶೆಡ್ಡಿನ ತಗಡೆಲ್ಲ ಅದುರಿತು.

ಗೋಡೆ ಕಡೆ ಹೋಗಿ ನಿಲ್ಲಬೇಕಿತ್ತಲ್ಲ, ನಿಯಮ. ಹೋಗಲಿಲ್ಲ. ಆ ರೈಫಲ್ ಪಕ್ಕದಲ್ಲೇ, ಅದರ ಕಡೆ ಬೆನ್ನು ಮಾಡಿ, ಅವರಿಬ್ಬರ ಮುಖ ನೋಡ್ಕೊಂಡು ನಿಂತ. ಕಾವಲು ನಿಂತ ಹಾಗೆ ನಿಂತ ಕಣೇ. ಅವರು ಪಾಪ, ಉಸಿರು ಬಿಡದೆ ಅಂಕ ಬರೆದ್ರು. ನಾನು ಕಾಫಿ ತಗೊಂಡು ಹೋದ್ರೆ ಕುಡೀಲಿಲ್ಲ. ನನ್ನ ಹತ್ರ ಬಗ್ಗಿ, "ಬರ್ನಡೀನ್, ಎಣ್ಣೆ ಜಾಸ್ತಿ ಹಾಕಿದಾಳೆ, ಉಕ್ಕನ್ನ ಹಾಳು ಮಾಡಿದಾಳೆ, ಎಲ್ಲಾ ತಪ್ಪು ಮಾಡಿದಾಳೆ. ಆದ್ರೂ ಕಟ್ಟಿದಾಳೆ ನೋಡು. ಇವರ ಮಕ್ಕಳಲ್ಲಿ ಒಬ್ಬರಾದ್ರೂ ಕಟ್ಟಿದಾರಾ?" ಅಂದ. ಅವನ ಕಣ್ಣು ತುಂಬಿತ್ತು.

ಅದು ಅವಳದ್ದಲ್ಲ ಕಣೋ ಅಂತ ಬಾಯಿ ತುದೀಗೆ ಬಂದಿತ್ತು. ನಿನಗೆ ಕೊಟ್ಟ ಮಾತು ನೆನಪಾಗಿ ಕಾಫಿ ಪಾತ್ರೆ ಎತ್ಕೊಂಡು ಆಚೆ ಹೋದೆ.

ಮೈ ಉರೀತು ಅಂತ ಬರೆದಿದ್ಯಲ್ಲ, ಅದಕ್ಕೇ ಹೇಳಿದೆ. ಅವನು ಅದನ್ನ ನಿನ್ನದು ಅಂದ್ಕೊಂಡಿದ್ದು ನಿಜ. ಅಂದ್ಕೊಂಡು ಏನು ಮಾಡಿದ ಅನ್ನೋದೂ ನಿನಗೆ ಗೊತ್ತಿರಲಿ.

ಅಮ್ಮ


ಲೂಯಿಸ್‌ಟೌನ್
ಅಕ್ಟೋಬರ್ 5, 2014

ಪ್ರೀತಿಯ ಸಿಗ್ನೆ,

ಈ ಕಾಗದ ತಡವಾಯಿತು. ಸಂಘದವರು ಕೂತು ತೀರ್ಮಾನ ಮಾಡುವವರೆಗೆ ನಾನು ನಿನಗೆ ಬರೆಯುವ ಹಾಗಿರಲಿಲ್ಲ.

ನಿಯಮದಲ್ಲಿ ತಿಳಿದು, ತಿಳಿಯದೆ ಎಂಬ ಎರಡು ಬಗೆ ಇಲ್ಲ. ಮಾರ್ವಾ ಒಳ್ಳೆಯವಳು, ಆದರೆ ಅವಳು ಹೇಳಿದ್ದು ತಪ್ಪು. ತನ್ನವರ ರೈಫಲಿಗೆ ತೀರ್ಪುಗಾರ ಅಂಕ ಕೊಡಕೂಡದು. ನಾನು ಕೊಟ್ಟಿದ್ದೇನೆ, ಮೂವತ್ತು ವರ್ಷದಲ್ಲಿ ಯಾರಿಗೂ ಕೊಡದಷ್ಟು ಕೊಟ್ಟಿದ್ದೇನೆ. ಆದ್ದರಿಂದ ಆ ಅಂಕವನ್ನು ತೆಗೆದುಹಾಕಿ ಎಂದು ನಾನೇ ಬರೆದು ಕೊಟ್ಟೆ. ಡಾಲ್ಟನ್ ಬೇಡ ಎಂದು ಜಗಳಕ್ಕೇ ಬಂದ. ಪೆಟ್ರಿನಿ ಮನೆವರೆಗೆ ಬಂದು ನಿನ್ನ ಅಮ್ಮನ ಹುಳಿ ರೂಬಾರ್ಬ್ ದಂಟಿನ ಕಡುಬು ತಿಂದು, ನನಗೆ ತಲೆ ಕೆಟ್ಟಿದೆ ಎಂದು ಹೇಳಿ ಹೋದ. ಕೊನೆಗೆ ನಾನು ಹೇಳಿದ ಹಾಗೇ ಆಯಿತು. ಅವರಿಬ್ಬರ ಅಂಕದಿಂದ ಲೆಕ್ಕ ಹಾಕಿದರೆ ವಯೋಮಿಂಗ್‌ನವನ ರಷ್ಯನ್ ರೈಫಲ್ ಮೊದಲು, ನಿನ್ನದು ಎರಡನೆಯದು. ಪದಕವನ್ನು ಮಾರ್ವಾಗೆ ಕಳಿಸಿಬಿಡು, ಅವಳು ಇನ್ನೊಂದನ್ನು ಕಳಿಸುತ್ತಾಳೆ.

ನಿನಗೆ ಇದು ನೋವು ಎಂದು ಗೊತ್ತು. ನನಗೂ ಸುಲಭವಾಗಲಿಲ್ಲ. ಆದರೆ ನನ್ನ ಮಗಳ ರೈಫಲ್ ಅಪ್ಪನ ಅಂಕದಿಂದ ಗೆದ್ದಿತು ಎಂದು ಯಾವನಾದರೂ ಮುಂದೊಂದು ದಿನ ಹೇಳಿದರೆ ಅದನ್ನು ತಡೆದುಕೊಳ್ಳುವ ಶಕ್ತಿ ನನಗಿಲ್ಲ. ಅಂಕವನ್ನು ಮಾತ್ರ ವಾಪಸು ತೆಗೆದುಕೊಂಡಿದ್ದೇನೆ ಸಿಗ್ನೆ. ಆಡಿದ ಮಾತಿನಲ್ಲಿ ಒಂದಕ್ಷರವನ್ನೂ ವಾಪಸು ತೆಗೆದುಕೊಳ್ಳುವುದಿಲ್ಲ. ತಿರುಪಿನ ವಿಷಯವೂ ಸೇರಿದಂತೆ.

ಯಾಕೆ ಎದ್ದು ಹೋದೆ ಎಂದು ಕೇಳಿದ್ದೀಯ. ಚೀಟಿಯಲ್ಲಿ ನನ್ನ ಮನೆತನದ ಹೆಸರು ಕಂಡಾಗ ನನಗೆ ನಿಂತ ನೆಲ ಗೊತ್ತಾಗಲಿಲ್ಲ. ಅಲ್ಲೇ ಇದ್ದಿದ್ದರೆ ಅಷ್ಟು ಜನರ ಮುಂದೆ ಅತ್ತುಬಿಡುತ್ತಿದ್ದೆ. ಟ್ರಕ್ಕನ್ನು ಸೇತುವೆಯ ಆಚೆ ನಿಲ್ಲಿಸಿಕೊಂಡು ಅತ್ತೆ. ಅದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಎರಡು ಬಣ್ಣದ ಮರವನ್ನು ನೀನು ಸಹಿಸಲಾರೆ, ಆದ್ದರಿಂದ ಇದು ನಿನ್ನದಾಗಿರಲಾರದು ಎಂದು ಆ ದಿನ ಎಣಿಸಿದ್ದೆ. ನನ್ನ ಮಗಳ ಕೈ ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಗೊತ್ತಿರಲಿಲ್ಲ.

ನಿನ್ನ ಬಗ್ಗೆ ನನಗೆ ಬಹಳ ಹೆಮ್ಮೆ.

ಅಪ್ಪ


ಡುಲೂತ್
ಅಕ್ಟೋಬರ್ 19, 2014

ಅಪ್ಪ,

ಪದಕವನ್ನು ಮೊನ್ನೆಯೇ ಮಾರ್ವಾಗೆ ಕಳಿಸಿದೆ. ಮೊದಲ ದಿನ ನಿನ್ನ ಕಾಗದ ಓದಿ ನಿನ್ನನ್ನು ಬೈದದ್ದು ಅಷ್ಟಿಷ್ಟಲ್ಲ. ವೆಸ್ ದೋಣಿಯ ಆಚೆ ಹೋಗಿ ಅವಿತುಕೊಂಡ. ಎರಡನೆಯ ದಿನ ಮತ್ತೆ ಓದಿದೆ. ಅಪ್ಪನ ಅಂಕವಿಲ್ಲದೆ ಎರಡನೆಯವಳು ನಾನು. ಪೆಟ್ರಿನಿ, ಡಾಲ್ಟನ್ ಇಬ್ಬರೇ ಕೊಟ್ಟದ್ದು. ಲ್ಯಾಬಿನಲ್ಲಿ ಎಲ್ಲರಿಗೂ ಹಾಗೆಯೇ ಹೇಳಿಕೊಂಡು ತಿರುಗುತ್ತಿದ್ದೇನೆ. ನೀನು ಮಾಡಿದ್ದು ಸರಿ. ನಾನು ನಿನ್ನ ಜಾಗದಲ್ಲಿದ್ದರೆ ಹಾಗೆ ಮಾಡುತ್ತಿದ್ದೆನೋ ಇಲ್ಲವೋ ಹೇಳಲಾರೆ, ಅಷ್ಟು ಧೈರ್ಯ ನನಗಿಲ್ಲ. ಇಂಥವನ ಮಗಳು ನಾನು ಎಂದು ನನಗೂ ಹೆಮ್ಮೆ. ನೀನು ಬರೆದ ಮೇಲೆ ನಾನು ಬರೆಯದಿದ್ದರೆ ಹೇಗೆ.

ಮುಂದಿನ ಆಗಸ್ಟಿಗೆ ಆ ಪೆಟ್ಟಿಗೆಯೊಳಗಿನ ಸ್ಪ್ರಿಂಗ್‌ಫೀಲ್ಡನ್ನು ಮುಗಿಸಿ ತರುತ್ತೇನೆ. ಈ ಸಲ ಮುಚ್ಚುಮರೆ ಇಲ್ಲ. ದಾರಕ್ಕೆ ಕಟ್ಟಿದ ಸಂಖ್ಯೆಯನ್ನು ನಿನಗೆ ಮೊದಲೇ ಬರೆದು ತಿಳಿಸುತ್ತೇನೆ.

ಒಂದು ಮಾತಿದೆ. ಅಮ್ಮ ನನಗೆ ಎಲ್ಲವನ್ನೂ ಹೇಳಿದ್ದಾಳೆ. ಅವಳ ಮೇಲೆ ರೇಗಬೇಡ. ಅಂದಿನಿಂದ ಬಿಲಿಂಗ್ಸ್‌ನವನ ಆ ಹೊಳೆಯುವ ರೈಫಲಿನ ಮೇಲೆ ನನಗೆ ಹೊಟ್ಟೆಕಿಚ್ಚು. ನಿನ್ನ ಮಾತು ನನಗೆ ಸಿಕ್ಕಿತು, ನೀನು ನಿಂತದ್ದು ಮಾತ್ರ ಅದರ ಪಕ್ಕ. ಬರುವ ಆಗಸ್ಟಿನಲ್ಲಿ ನನ್ನದನ್ನು ಮುಟ್ಟಬೇಡ, ಅಂಕ ಕೊಡಬೇಡ, ಒಳ್ಳೆಯದು ಕೆಟ್ಟದ್ದು ಏನೂ ಹೇಳಬೇಡ. ಗೋಡೆಯ ಕಡೆಗೆ ಮಾತ್ರ ಹೋಗಬೇಡ ಅಪ್ಪ. ಅದರ ಪಕ್ಕ ಬಂದು ನಿಂತುಕೋ.

ನಿನ್ನ ಮಗಳು,
ಸಿಗ್ನೆ ಕೋಲ್‌ಸ್ಟಾಡ್